ಡೆಂಗ್ಯೂ ಜ್ವರ: ರೋಗ ಲಕ್ಷಣಗಳು, ರೋಗಿಯ ಆರೈಕೆ ಮತ್ತು ಮುನ್ನೆಚ್ಚರಿಕೆ ಕ್ರಮಗಳು

(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಡೆಂಗ್ಯೂ ಜ್ವರವು ಸೋಂಕಿತ ಈಡಿಸ್ ಸೊಳ್ಳೆಯ ಕಡಿತದಿಂದ ಹರಡುವ ವೈರಾಣು ರೋಗವಾಗಿರುತ್ತದೆ. ಈ ಸೊಳ್ಳೆಯು ಹಗಲು ವೇಳೆಯಲ್ಲಿ ಕಚ್ಚುತ್ತದೆ. ಚಿಕೂನ್‌ಗುನ್ಯಾ ಮತ್ತು ಝೀಕಾ ವೈರಾಣುಗಳನ್ನು ಹರಡುವುದೂ ಇದೇ ಸೊಳ್ಳೆ. 2006ರಲ್ಲಿ ಚಿಕೂನ್‌ಗುನ್ಯಾ ವ್ಯಾಪಿಸಿದಾಗ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. 2023ರ ಆಗಸ್ಟ್‌ನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳ ಮಾದರಿಯಲ್ಲಿ ಝೀಕಾ ವೈರಾಣು ಪತ್ತೆಯಾಗಿದ್ದು, ಸುತ್ತಲಿನ ಗ್ರಾಮಗಳ ಗರ್ಭಿಣಿಯರು ಹಾಗೂ ಜ್ವರಪೀಡಿತರ ರಕ್ತ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಲಾಗಿತ್ತು. 2024ರಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ರೋಗ ಲಕ್ಷಣಗಳು

ಸೋಂಕಿತ ಸೊಳ್ಳೆ ಕಚ್ಚಿದ 4 ರಿಂದ 10 ದಿನಗಳೊಳಗೆ ಸಾಮಾನ್ಯವಾಗಿ ಈ ಲಕ್ಷಣಗಳು ಕಂಡುಬರುತ್ತವೆ:

1. ಇದ್ದಕ್ಕಿದ್ದಂತೆ ತೀವ್ರ ಜ್ವರ
2. ವಿಪರೀತ ತಲೆನೋವು, ಕಣ್ಣುಗಳ ಹಿಂಭಾಗದಲ್ಲಿ ನೋವು
3. ಮಾಂಸಖಂಡ ಮತ್ತು ಕೀಲುಗಳಲ್ಲಿ ನೋವು
4. ವಾಕರಿಕೆ, ವಾಂತಿ, ಚರ್ಮದ ಮೇಲೆ ಕೆಂಪು ಗಂಧೆಗಳು

ಚಿಕೂನ್‌ಗುನ್ಯಾದಲ್ಲಿ ಕೀಲುನೋವು ಹೆಚ್ಚು ತೀವ್ರವಾಗಿದ್ದು, ಜ್ವರ ಬಿಟ್ಟ ನಂತರವೂ ವಾರ ಅಥವಾ ತಿಂಗಳುಗಟ್ಟಲೆ ಉಳಿಯಬಹುದು. ಝೀಕಾ ಸೋಂಕು ಹೆಚ್ಚಿನವರಲ್ಲಿ ಸೌಮ್ಯವಾಗಿರುತ್ತದೆ. ಆದರೆ ಗರ್ಭಸ್ಥ ಶಿಶುವಿನ ಮಿದುಳಿನ ಬೆಳವಣಿಗೆಗೆ ಅದರಿಂದ ಹಾನಿಯಾಗಬಹುದಾದ್ದರಿಂದ, ಜ್ವರ ಅಥವಾ ಗಂಧೆ ಕಂಡುಬಂದ ಗರ್ಭಿಣಿಯರು ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಜ್ವರ ಇಳಿದ ದಿನವೇ ಹೆಚ್ಚಿನ ಎಚ್ಚರಿಕೆ ಅಗತ್ಯ

ಜ್ವರ ಬಿಟ್ಟಿತೆಂದರೆ ರೋಗ ವಾಸಿಯಾಯಿತೆಂದು ಭಾವಿಸುವುದು ಸಹಜ. ಡೆಂಗ್ಯೂವಿನಲ್ಲಿ ಈ ಭಾವನೆಯು ಅಪಾಯಕಾರಿ. ಸಾಮಾನ್ಯವಾಗಿ 3 ರಿಂದ 7ನೇ ದಿನದೊಳಗೆ ಜ್ವರ ಇಳಿಯುವ ಸಮಯದಲ್ಲಿಯೇ ಕೆಲವು ರೋಗಿಗಳಲ್ಲಿ ರಕ್ತನಾಳಗಳಿಂದ ದ್ರವಾಂಶವು ಹೊರಗೆ ಸೋರಿ, ರಕ್ತದೊತ್ತಡ ಕುಸಿಯುತ್ತದೆ. ಆದುದರಿಂದ ಜ್ವರ ಇಳಿದ ನಂತರದ 24 ರಿಂದ 48 ಗಂಟೆಗಳ ಕಾಲ ರೋಗಿಯ ಮೇಲೆ ನಿಗಾ ಇಡಬೇಕು. ಈ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು:

1. ತೀವ್ರ ಹೊಟ್ಟೆನೋವು, ಪದೇಪದೇ ವಾಂತಿ
2. ಮೂಗು ಅಥವಾ ವಸಡಿನಿಂದ ರಕ್ತಸ್ರಾವ, ರಕ್ತವಾಂತಿ, ಕಪ್ಪು ಬಣ್ಣದ ಮಲ
3. ಅತಿಯಾದ ಸುಸ್ತು, ಮಂಕುತನ ಅಥವಾ ಚಡಪಡಿಕೆ
4. ಕೈಕಾಲು ತಣ್ಣಗಾಗುವುದು, ಉಸಿರಾಟದ ತೊಂದರೆ
5. 4 ರಿಂದ 6 ಗಂಟೆಗಳ ಕಾಲ ಮೂತ್ರ ವಿಸರ್ಜನೆ ಆಗದಿರುವುದು

ಶಿಶುಗಳು, ಗರ್ಭಿಣಿಯರು, ವೃದ್ಧರು ಹಾಗೂ ಮಧುಮೇಹವುಳ್ಳವರನ್ನು ಜ್ವರದ ಆರಂಭದಲ್ಲಿಯೇ ವೈದ್ಯರಿಗೆ ತೋರಿಸುವುದು ಸೂಕ್ತ.

ರೋಗಿಯ ಆರೈಕೆ

ಡೆಂಗ್ಯೂವಿಗೆ ನಿರ್ದಿಷ್ಟ ಔಷಧಿ ಇರುವುದಿಲ್ಲ. ವಿಶ್ರಾಂತಿ ಮತ್ತು ದ್ರವಾಹಾರವೇ ಮುಖ್ಯ ಚಿಕಿತ್ಸೆ. ಓ.ಆರ್.ಎಸ್. ದ್ರಾವಣ, ಗಂಜಿ, ಮಜ್ಜಿಗೆ, ಎಳನೀರು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ಜ್ವರಕ್ಕೆ ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ನೀಡಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಮುಂತಾದ ನೋವುನಿವಾರಕಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಅವುಗಳನ್ನು ಔಷಧಿ ಅಂಗಡಿಯಿಂದ ಕೇಳಿ ತಂದು ಕೊಡಬಾರದು.

ಪ್ಲೇಟ್‌ಲೆಟ್ ಸಂಖ್ಯೆ ಇಳಿದ ಮಾತ್ರಕ್ಕೆ ಅದನ್ನು ಹೊರಗಿನಿಂದ ಕೊಡಬೇಕಾಗಿಲ್ಲ. ರಕ್ತಸ್ರಾವವಿದ್ದಾಗ ಅಥವಾ ಸಂಖ್ಯೆ 10,000ಕ್ಕಿಂತ ಕಡಿಮೆಯಾದಾಗ ವೈದ್ಯರು ಇದನ್ನು ನಿರ್ಧರಿಸುತ್ತಾರೆ. ಜ್ವರವಿರುವ ದಿನಗಳಲ್ಲಿ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆ ಪರದೆಯೊಳಗೆ ಮಲಗಿಸಿದಲ್ಲಿ ಮನೆಯ ಇತರರಿಗೆ ರೋಗ ಹರಡುವುದನ್ನು ತಡೆಯಬಹುದು.

ರಕ್ತ ಪರೀಕ್ಷೆ

ಜ್ವರದ ಮೊದಲ 5 ದಿನಗಳೊಳಗೆ ಎನ್.ಎಸ್.1 ಎಲಿಸಾ, ನಂತರ ಐಜಿಎಂ ಎಲಿಸಾ ಪರೀಕ್ಷೆಯಿಂದ ರೋಗವನ್ನು ದೃಢಪಡಿಸಲಾಗುತ್ತದೆ. 2024ರ ಜುಲೈನಲ್ಲಿ ಸರ್ಕಾರವು ಖಾಸಗಿ ಆಸ್ಪತ್ರೆ ಮತ್ತು ಪ್ರಯೋಗಾಲಯಗಳಲ್ಲಿ ಈ ಎರಡೂ ಎಲಿಸಾ ಪರೀಕ್ಷೆಗಳಿಗೆ ತಲಾ ರೂ. 300 ಹಾಗೂ ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ ರೂ. 250 ಗರಿಷ್ಠ ದರ ನಿಗದಿಪಡಿಸಿತು.

ಸೊಳ್ಳೆಗಳ ಉತ್ಪತ್ತಿ ತಡೆಗಟ್ಟುವಿಕೆ

ಈ ತಾಲ್ಲೂಕುಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಕೊಳವೆಬಾವಿಯ ನೀರನ್ನು ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ಹಲವು ದಿನ ಶೇಖರಿಸಿಡುವುದು ಜನರಿಗೆ ಅನಿವಾರ್ಯವಾಗಿದೆ. ಈಡಿಸ್ ಸೊಳ್ಳೆಯು ಇಂತಹ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7 ರಿಂದ 10 ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಒಣಗಿಸಬೇಕು. ನೀರಿಲ್ಲದಿದ್ದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವಂತವಾಗಿರುವುದರಿಂದ ಒಳಗೋಡೆಯನ್ನು ಉಜ್ಜಿ ತೊಳೆಯುವುದು ಅವಶ್ಯ. ಬರಿದು ಮಾಡಲಾಗದ ತೊಟ್ಟಿಗಳನ್ನು ಭದ್ರವಾಗಿ ಮುಚ್ಚಬೇಕು ಅಥವಾ ಅವುಗಳಲ್ಲಿ ಲಾರ್ವಾ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬೇಕು.

ರೇಷ್ಮೆ ಬೆಳೆಗಾರರು ಹುಳು ಸಾಕಾಣಿಕೆ ಮನೆಯಲ್ಲಿ, ಇರುವೆ ಬಾರದಂತೆ ಸ್ಟ್ಯಾಂಡುಗಳ ಕಾಲಿನ ಕೆಳಗೆ ಇಡುವ ನೀರಿನ ಬಟ್ಟಲುಗಳನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆದು, ಹೊಸ ನೀರು ಹಾಕತಕ್ಕದ್ದು. ಫಾಗಿಂಗ್‌ನಿಂದ ಹಾರಾಡುವ ಸೊಳ್ಳೆಗಳು ಮಾತ್ರ ಸಾಯುತ್ತವೆ, ಲಾರ್ವಾಗಳು ಉಳಿಯುತ್ತವೆ. ಅಲ್ಲದೆ ಕೀಟನಾಶಕದ ಹೊಗೆ ರೇಷ್ಮೆ ಹುಳುಗಳಿಗೆ ಮಾರಕ. ಗ್ರಾಮದಲ್ಲಿ ಹುಳು ಸಾಕುತ್ತಿರುವ ಮನೆಗಳ ವಿವರವನ್ನು ಫಾಗಿಂಗ್‌ಗೆ ಮೊದಲೇ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು. ನೀರಿನ ತಾಣಗಳನ್ನು ನಿರ್ಮೂಲನೆ ಮಾಡುವುದರಿಂದ ಜನರ ಆರೋಗ್ಯ ಹಾಗೂ ರೇಷ್ಮೆ ಬೆಳೆ ಎರಡೂ ಉಳಿಯುತ್ತವೆ.

2024ರ ತಿದ್ದುಪಡಿ ನಿಯಮಗಳಲ್ಲಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ ರೂ. 400, ಗ್ರಾಮೀಣ ಪ್ರದೇಶದಲ್ಲಿ ರೂ. 200 ದಂಡವನ್ನು ಗೊತ್ತುಪಡಿಸಲಾಯಿತು.

ಸಂಪರ್ಕ

ಜ್ವರ ಬಂದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಆರೋಗ್ಯ ಸಹಾಯವಾಣಿಗೆ 104, ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡುವುದು. ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯರಿಗೆ ಜ್ವರ ಪ್ರಕರಣಗಳ ಮಾಹಿತಿ ನೀಡಿ, ನೀರಿನ ತೊಟ್ಟಿಗಳ ಪರಿಶೀಲನೆಗೆ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.