ಹೆಸರಿಗೊಂದು ಮುಖ ಬರೆದವರು

ಗದಗ ಸೀಮೆಯ ಸೊರಟೂರಿನಂಥ ಊರುಗಳಲ್ಲಿ ಜಾತ್ರೆ ಬಂತೆಂದರೆ ಹುಡುಗರು ಸೇರಿ ಸಾಮಾಜಿಕ ನಾಟಕ ಆಡುವುದುಂಟು. ಸುದ್ದಿ ಹರಡುವುದು ಗೋಡೆಗೆ ಹಚ್ಚಿದ ಪೋಸ್ಟರಿನಿಂದ. ಮೇಲೆ ನಾಟಕದ ಹೆಸರು, ನಡುವೆ ‘ಅರ್ಥಾತ್’, ಅದರಡಿ ಇನ್ನೊಂದು ಹೆಸರು. ಮುದ್ರಣ ಕಾಶಿ ಎನಿಸಿಕೊಂಡ ಗದಗ-ಬೆಟಗೇರಿ ಹತ್ತಿರದಲ್ಲೇ ಇರುವ ಈ ಭಾಗದವರಿಗೆ ಬಾಗಿದ, ನೆರಳು ಹೊತ್ತ ದಪ್ಪಕ್ಷರಗಳು ಹಳೆಯ ಪರಿಚಯ.

ಸಿನಿಮಾ ಪೋಸ್ಟರಿನ ಅಕ್ಷರಗಳೂ ಇದೇ ಬಳಗದವು. ನಮ್ಮ ಸಿನಿಮಾ ಬೆಳೆದದ್ದೇ ನಾಟಕದ ನೆರಳಲ್ಲಿ: ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕ ಕಂಪನಿಗಳಲ್ಲಿ ಪಳಗಿ ಬಂದವರೇ.

ಕನ್ನಡದಲ್ಲಿ ಶೀರ್ಷಿಕೆ ಬರೆಯುವುದು ಸುಲಭದ ಕೆಲಸವಲ್ಲ. ಗುಡಿಸು ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಪಕ್ಕದಲ್ಲಿ ಜಾಗ ಕೇಳುತ್ತದೆ. ಕಲಾವಿದ ಮೊದಲು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಅಕ್ಷರಗಳ ಹೊಟ್ಟೆ ಕೂರಿಸುತ್ತಾನೆ. ಒತ್ತು ಎಲ್ಲಿ ಇಳಿಯಬೇಕೆಂದು ಆಮೇಲೆ ನೋಡುತ್ತಾನೆ. ತೊಡಕೆನಿಸಿದ ಈ ಅಂಗಗಳೇ ಅವನ ಆಟದ ಬಯಲು. ಪೌರಾಣಿಕ ಚಿತ್ರವಾದರೆ ತಲಕಟ್ಟು ಕಿರೀಟವಾಗುತ್ತದೆ, ಹೊಡೆದಾಟದ ಚಿತ್ರವಾದರೆ ಕೊಂಬು ಕತ್ತಿಯಾಗುತ್ತದೆ, ದೆವ್ವದ ಕಥೆಯಾದರೆ ಒತ್ತಿನ ತುದಿಯಿಂದ ರಕ್ತ ತೊಟ್ಟಿಕ್ಕುತ್ತದೆ. ಓದು ಬಾರದವರಿಗೂ ಚಿತ್ರದ ಜಾತಿ ತಿಳಿಯುತ್ತಿತ್ತು. ಈ ಜಾಣ್ಮೆಗೆ ಸಲ್ಲಬೇಕಾದ ಗೌರವ ನಮ್ಮಲ್ಲಿ ಸಂದಿಲ್ಲ.

ಅಕ್ಷರದ ಈ ಆಟವನ್ನು ಇನ್ನೂ ಮುಂದೆ ಒಯ್ದದ್ದು ನಿರ್ದೇಶಕ ಉಪೇಂದ್ರ. 1995ರ ‘ಓಂ’ ಚಿತ್ರಕ್ಕೆ ಒಂದು ಚಿಹ್ನೆ, 1998ರ ‘ಎ’ ಚಿತ್ರಕ್ಕೆ ಒಂದೇ ಅಕ್ಷರ ಸಾಕಾಯಿತು. 2010ರ ‘ಸೂಪರ್’ ಚಿತ್ರದಲ್ಲಂತೂ ಅಕ್ಷರವನ್ನೇ ಬಿಟ್ಟು ಕೈಬೆರಳಿನ ಮುದ್ರೆಯನ್ನೇ ಹೆಸರಾಗಿಸಿದರು. ಬಿಡಿಸಲು ಸುಲಭವಾದ ಇಂಥ ಹೆಸರು ನೋಟುಪುಸ್ತಕದ ಹಾಳೆಗೂ ಆಟೋದ ಬೆನ್ನಿಗೂ ಇಳಿಯಲು ತಡವಾಗುವುದಿಲ್ಲ.

‘ಸೂಪರ್’ ಬರುವ ಹೊತ್ತಿಗಾಗಲೇ ಕಂಪ್ಯೂಟರ್ ಫಾಂಟು, ಫ್ಲೆಕ್ಸುಗಳು ಬಂದು ಕುಂಚದವರ ಅನ್ನಕ್ಕೆ ಕಲ್ಲು ಬಿದ್ದಿತ್ತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸನ್ನೂ ಸೇರಿಸಿತು. ಫ್ಲೆಕ್ಸು ಮಾತ್ರ ಬೀದಿ ಬಿಟ್ಟು ಹೋಗಿಲ್ಲ. ಆದರೆ ಒಂದೇ ಫಾಂಟಿನಲ್ಲಿ ಮದುವೆಯ ಸ್ವಾಗತವೂ ಶ್ರದ್ಧಾಂಜಲಿಯೂ ಬಂದರೆ ಕಣ್ಣು ದಣಿಯದೆ ಇರುತ್ತದೆಯೇ? ಚಿತ್ರತಂಡಗಳು ಮತ್ತೆ ಕೈಬರಹ ಕೇಳುತ್ತಿವೆ. ಟ್ಯಾಬ್ಲೆಟ್ಟಿನ ಮೇಲೆ ತಿದ್ದಿದ ಶೀರ್ಷಿಕೆ ಫಸ್ಟ್‌ಲುಕ್ ಬಂದ ಕೂಡಲೇ ಅಭಿಮಾನಿಗಳ ಮೊಬೈಲಿಗೆ, ಅಲ್ಲಿಂದ ರೇಡಿಯಂ ಅಂಗಡಿಗೆ, ಬೈಕಿನ ಟ್ಯಾಂಕಿಗೆ ಸಾಗುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಅವರ ಅಕ್ಕರೆಯ ಹೆಸರಾದ ‘ಅಪ್ಪು’ ಎಂಬ ಎರಡಕ್ಷರ ಹಳ್ಳಿಯ ಟ್ರ್ಯಾಕ್ಟರಿನ ಮೇಲೂ ಕಂಡಿತು. ಬರೆದವರ ಕೈ ಬದಲಾದಂತೆ ಆ ಪ-ಒತ್ತಿನ ಬಳುಕೂ ಬದಲಾಯಿತು.

ಪೋಸ್ಟರಿನ ಅಂಚಿನಲ್ಲಿ ಮುದ್ರಕರ ಹೆಸರು ಕಾಣುತ್ತಿದ್ದುದಕ್ಕೆ 2024ರವರೆಗೂ ಜಾರಿಯಲ್ಲಿದ್ದ, ಬ್ರಿಟಿಷರ ಕಾಲದ 1867ರ ಕಾಯ್ದೆಯೇ ಕಾರಣವಾಗಿತ್ತು. ಅಕ್ಷರ ಬರೆದವರ ಹೆಸರು ಹಾಕಲು ಕಾಯ್ದೆಯೇನೂ ಬೇಕಿಲ್ಲ, ನಿರ್ಮಾಪಕರು ಮನಸ್ಸು ಮಾಡಿದರೆ ಸಾಕು.