ಫೋಟೋದಲ್ಲಿ ಮುಖವಿದೆ, ಮನುಷ್ಯ ಎಲ್ಲಿ?

ನನ್ನ ಚಿಕ್ಕಪ್ಪನ ಮಗಳಿಗೆ ಈಗ ನಾಲ್ಕು ವರ್ಷ. ಅವಳು ಹುಟ್ಟುವ ಮೊದಲೇ ನಮ್ಮ ಅಜ್ಜ ತೀರಿಕೊಂಡಿದ್ದರು. ಒಂದು ದಿನ ಅವಳು, “ಅಜ್ಜ ಹೆಂಗಿದ್ರು ಅಣ್ಣಾ?” ಎಂದು ಕೇಳಿದಳು. ತೋರಿಸಲು ಮನೆಯೆಲ್ಲ ಹುಡುಕಿದೆವು. ಸಿಕ್ಕಿದ್ದು ಎರಡೇ. ಒಂದು ಗುರುತಿನ ಚೀಟಿಯ ಫೋಟೋ. ಇನ್ನೊಂದು ಯಾರದೋ ಮದುವೆಯ ಗುಂಪಿನಲ್ಲಿ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋದದ್ದು. ಗುರುತಿನ ಚೀಟಿಯಲ್ಲಿ ಅಜ್ಜ ಗಾಬರಿಯಿಂದ ನೋಡುತ್ತಿದ್ದಾರೆ. ತೋಟದಿಂದ ಬಂದು ಕಂಬಳಿ ಕೊಪ್ಪೆ ಕೊಡವುತ್ತಾ ಜಗಲಿಯಲ್ಲಿ ನಗುತ್ತಿದ್ದ ನಮ್ಮ ಅಜ್ಜ ಎರಡರಲ್ಲೂ ಇಲ್ಲ.

ನಮ್ಮ ಮನೆಯ ಫೋನ್‌ಗಳಲ್ಲಿ ಫೋಟೋಗಳಿಗೇನೂ ಕೊರತೆ ಇರಲಿಲ್ಲ. ಜಲಪಾತ, ಬಿರಿಯಾನಿ, ಸೆಲ್ಫಿ ಎಲ್ಲವೂ ಇದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಅಂದಿನಿಂದ ನಾನು ಮುಖಚಿತ್ರ ತೆಗೆಯುವುದನ್ನು ಕಲಿಯತೊಡಗಿದೆ. ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ.

ಮೊದಲು ಬೆಳಕು

ಫೋಟೋ ಎಂದರೆ ಮುಖದ ಮೇಲೆ ಬಿದ್ದು ಹಿಂದಿರುಗಿದ ಬೆಳಕು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಅನೇಕ ವಿದ್ವಾಂಸರು ನಂಬಿದ್ದ ಕಾಲವಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ಇಬ್ನ್ ಅಲ್ ಹೈಥಮ್ ಸುಮಾರು 1,000 ವರ್ಷಗಳ ಹಿಂದೆ ‘ಕಿತಾಬ್ ಅಲ್ ಮನಾಝಿರ್’ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ವಿವರಿಸಿದರು. ಕ್ಯಾಮೆರಾಗೂ ಇದೇ ನಿಯಮ. ಆದ್ದರಿಂದ ಬಟನ್ ಒತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಳಕು ಯಾವ ಕಡೆಯಿಂದ ಬರುತ್ತಿದೆ?

ನೆತ್ತಿಯ ಮೇಲೆ ಬಿಸಿಲಿದ್ದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ಒಂದು ದೊಡ್ಡ ದೀಪದಂತಾಗಿ ಮುಖದ ಮೇಲೆ ಮೆತ್ತಗಿನ ಬೆಳಕು ಹರಡುತ್ತದೆ. ಸ್ಟುಡಿಯೋದವರು ಬಿಳಿ ಛತ್ರಿ ಕಟ್ಟಿ ಮಾಡುವ ಕೆಲಸವನ್ನು ನಮ್ಮ ಮಾರನಹಳ್ಳಿಯ ಮಳೆಗಾಲ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಮನೆಯೊಳಗಾದರೆ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪಕ್ಕ ಕೂರಿಸಿ. ಮುಖವನ್ನು ಸ್ವಲ್ಪ ಕಿಟಕಿಯ ಕಡೆ ತಿರುಗಿಸಿದರೆ ಕಣ್ಣಿನಲ್ಲಿ ಕಿಟಕಿಯ ಚಿಕ್ಕ ಹೊಳಪು ಕಾಣುತ್ತದೆ. ಆ ಹೊಳಪಿನಿಂದಲೇ ಚಿತ್ರಕ್ಕೆ ಜೀವ. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಆ ಬದಿಗೆ ಬಿಳಿ ಬಟ್ಟೆ ಅಥವಾ ಥರ್ಮೋಕೋಲ್ ಹಿಡಿಯಿರಿ. ಆದರೆ ನೆರಳನ್ನು ಪೂರ್ತಿ ಓಡಿಸಬೇಡಿ. ಸುಕ್ಕು, ಕೆನ್ನೆಯ ಉಬ್ಬು, ಹಣೆಯ ಗೆರೆ ಕಾಣುವುದೇ ನೆರಳಿನಿಂದ. ಬ್ಯೂಟಿ ಫಿಲ್ಟರ್ ಅಳಿಸಿಹಾಕುವುದೂ ಇದನ್ನೇ.

ಆಮೇಲೆ ದೂರ

ಸೆಲ್ಫಿಯಲ್ಲಿ ಮೂಗು ಏಕೆ ದೊಡ್ಡದಾಗಿ ಕಾಣುತ್ತದೆ? ಫೋನ್ ಒಂದು ಅಡಿ ದೂರದಲ್ಲಿದ್ದಾಗ ಕಿವಿಗಿಂತ ಮೂಗು ಅದಕ್ಕೆ ಬಹಳ ಹತ್ತಿರ. ಆರು ಅಡಿ ದೂರ ನಿಂತರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಐದಾರು ಅಡಿ ಹಿಂದೆ ಸರಿದು 2ಎಕ್ಸ್ ಝೂಮ್ ಬಳಸಿ. ಫೋನ್ ಎದುರಿನವರ ಕಣ್ಣಿನ ಮಟ್ಟದಲ್ಲಿರಲಿ. ಮಕ್ಕಳಾದರೆ ನೀವೇ ನೆಲದ ಮೇಲೆ ಕೂರಿ. ಪರದೆಯಲ್ಲಿ ಕಣ್ಣಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಹಿನ್ನೆಲೆಯಲ್ಲಿ ಬಟ್ಟೆ ಹಗ್ಗ, ಬಕೆಟ್, ಸ್ವಿಚ್ ಬೋರ್ಡ್ ಇವೆಯೇ ಎಂದು ಒಮ್ಮೆ ನೋಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಮಾನ್ಯವಾಗಿ ಅವು ಮರೆಯಾಗುತ್ತವೆ.

ಬಹಳ ಮುಖ್ಯವಾದದ್ದು ಮಾತು

ಇಷ್ಟೆಲ್ಲ ಮಾಡಿ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸಿದೆ. ಫೋನ್ ಎತ್ತಿದ ಕೂಡಲೇ ಅವರು ಸೆರಗು ಸರಿಮಾಡಿಕೊಂಡು ಕಂಬದಂತೆ ಕೂತರು. ಮತ್ತೊಂದು ಗುರುತಿನ ಚೀಟಿ!

ನಮ್ಮ ರಾಜ್ಯದ ಹೆಸರಾಂತ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ನನಗೆ ನೆನಪಾದದ್ದು ಆಗ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಅವರು ಹೆಚ್ಚಾಗಿ ತೆಗೆದದ್ದು ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಕಪ್ಪು ಬಿಳುಪು ಚಿತ್ರಗಳನ್ನು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಅವರ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಕ್ಯಾಮೆರಾಗಾಗಿ ಬೇರೆ ಮುಖ ಹಾಕಿಕೊಂಡಿರುವುದಿಲ್ಲ.

ನಾನು ಫೋನನ್ನು ಕೆಳಗಿಟ್ಟೆ. ಅಜ್ಜಿ ಮೊರ ತೆಗೆದುಕೊಂಡು ಅಕ್ಕಿ ಆರಿಸತೊಡಗಿದರು. ಅಜ್ಜ ಮೊದಲು ಕೆಲಸಕ್ಕೆ ಸೇರಿದ ತೋಟದ ಬಗ್ಗೆ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ನಡುವೆ ಒಮ್ಮೆ ಕೈ ನಿಲ್ಲಿಸಿ ಹೊರಗೆ ಮಳೆ ನೋಡುತ್ತಾ ಸುಮ್ಮನಾದರು. ಆಗ ಒಂದೇ ಒಂದು ಫೋಟೋ ತೆಗೆದೆ. ಅದರಲ್ಲಿ ನನ್ನ ಅಜ್ಜಿ ಇದ್ದಾರೆ.

ನಿಮ್ಮನ್ನೇ ನೀವು ತೆಗೆಯಿರಿ

ಬೇರೆಯವರನ್ನು ಕೂರಿಸುವ ಮೊದಲು ನೀವೇ ಕೂತು ನೋಡಿ. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಈಗ ಉಳಿದಿರುವ ಅತ್ಯಂತ ಹಳೆಯ ಸ್ವಂತ ಫೋಟೋಗಳಲ್ಲಿ ಅದೂ ಒಂದು. ಕೂದಲು ಕೆದರಿದೆ, ಮುಖ ಚೌಕಟ್ಟಿನ ನಡುವೆಯೂ ಇಲ್ಲ. ಆದರೂ ಆ ನೋಟವನ್ನು ಮರೆಯಲಾಗದು.

ಪುಸ್ತಕಗಳ ಮೇಲೆ ಫೋನ್ ಒರಗಿಸಿ, 10 ಸೆಕೆಂಡಿನ ಟೈಮರ್ ಇಟ್ಟು ಕಿಟಕಿಯ ಬಳಿ ಕೂರಿ. ನಗಲೇಬೇಕೆಂದಿಲ್ಲ. ಪರೀಕ್ಷೆಯ ಭಯವೋ ಊರು ಬಿಡುವ ಯೋಚನೆಯೋ, ಮನಸ್ಸಿನಲ್ಲಿರುವುದು ಮುಖದಲ್ಲಿರಲಿ. ಫೋಟೋ ನೋಡಿ “ಇದು ನಾನಲ್ಲ” ಅನ್ನಿಸಿದರೆ ಗಾಬರಿ ಬೇಡ. ನಾವು ದಿನವೂ ನೋಡುವುದು ಕನ್ನಡಿಯ ಎಡಬಲ ತಿರುಗಿದ ಮುಖ. ಫೋಟೋದಲ್ಲಿರುವುದು ಬೇರೆಯವರು ಕಾಣುವ ಮುಖ. ಕ್ಯಾಮೆರಾ ಎದುರು ಕೂರುವವರಿಗೆ ಎಷ್ಟು ಮುಜುಗರ ಎಂಬುದೂ ಹೀಗೆ ಕೂತಾಗಲೇ ನಮಗೆ ತಿಳಿಯುತ್ತದೆ.

ಒಪ್ಪಿಗೆ ಇಲ್ಲದೆ ಬೇಡ

ಕೆಲವರಿಗೆ ಫೋಟೋ ಇಷ್ಟವಿರುವುದಿಲ್ಲ. ಕಾರಣ ಕೇಳುವ ಹಕ್ಕು ನಮಗಿಲ್ಲ. ಮುಖವಿಲ್ಲದೆಯೂ ಚಿತ್ರ ಮಾತಾಡಬಲ್ಲದು. ಕಾಫಿ ಹಣ್ಣು ಕೊಯ್ದು ಕಲೆಯಾದ ಬೆರಳುಗಳು, ಮಂಜಿನಲ್ಲಿ ಕೊಡೆ ಹಿಡಿದು ಹೋಗುವವರ ಬೆನ್ನು, ಗೋಡೆಯ ಮೇಲಿನ ನೆರಳು, ಇವೂ ಮನುಷ್ಯರ ಚಿತ್ರಗಳೇ. ಸ್ನೇಹಿತ ನಿದ್ದೆ ಮಾಡುವಾಗ, ಅಳುವಾಗ ಕದ್ದು ತೆಗೆದು ಗ್ರೂಪಿಗೆ ಹಾಕುವುದು ತಮಾಷೆಯಲ್ಲ. ಅದು ನಂಬಿಕೆದ್ರೋಹ. ತೆಗೆಯಲು ಒಪ್ಪಿದವರು ಹಂಚಲು ಒಪ್ಪಿದ್ದಾರೆ ಎಂದೂ ಅಲ್ಲ. ಅಜ್ಜಿ ತಮ್ಮ ಫೋಟೋ ನೋಡಿ, “ಚೆನ್ನಾಗೈತೆ. ಸ್ಟೇಟಸ್‌ಗೆಲ್ಲ ಹಾಕ್ಬೇಡ ಕಣಪ್ಪ” ಎಂದರು. ಹಾಕಿಲ್ಲ. ಪ್ರಿಂಟ್ ಹಾಕಿಸಿ ಮನೆಯಲ್ಲಿಟ್ಟಿದ್ದೇವೆ. ಫೋನ್ ಕೆಟ್ಟರೂ ಅದು ಉಳಿಯುತ್ತದೆ.

ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ಈ ಪಾಠವನ್ನು ಮನೆಯಲ್ಲೇ ಕಲಿಯಬೇಕು. ನನ್ನ ಅಜ್ಜನ ಫೋಟೋವನ್ನು ಇನ್ನು ತೆಗೆಯಲಾಗದು. ನಿಮ್ಮ ಮನೆಯ ಹಿರಿಯರದ್ದನ್ನು ಈ ಭಾನುವಾರವೇ, ಅವರನ್ನು ಕೇಳಿ, ತೆಗೆಯಬಹುದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ