ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಮುನ್ನ

‘ಮನೆ ಕರೆಂಟ್ ತಾನೇ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ’ ಎನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಎಂಜಿನಿಯರುಗಳ ಲೆಕ್ಕದಲ್ಲಿ ಮನೆಗೆ ಬರುವ 230 ವೋಲ್ಟ್ ‘ಲೋ ವೋಲ್ಟೇಜ್’ ಎಂಬುದೂ ನಿಜ. ಆದರೆ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್‌ಗೆ ಬರುವ 11 ಸಾವಿರ ವೋಲ್ಟ್‌ಗೆ ಹೋಲಿಸಿದರೆ ಮಾತ್ರ ಅದು ಕಡಿಮೆ. ಜೀವ ತೆಗೆಯಲು ಧಾರಾಳ ಸಾಕು.

ವೋಲ್ಟೇಜ್ ಎಂದರೆ ತಾರಸಿ ಮೇಲಿನ ಟ್ಯಾಂಕ್ ನೀರಿನ ಒತ್ತಡ ಇದ್ದ ಹಾಗೆ. ನಲ್ಲಿಯಲ್ಲಿ ಹರಿಯುವ ನೀರು ಕರೆಂಟ್. ನಲ್ಲಿ ಬಿಗಿಯಾಗಿ ಮುಚ್ಚಿದ್ದರೆ ಒತ್ತಡ ಇದ್ದರೂ ನೀರು ಹರಿಯೋದಿಲ್ಲ ಅಲ್ವಾ? ಒಣ ಚರ್ಮ ಹೆಚ್ಚುಕಮ್ಮಿ ಮುಚ್ಚಿದ ನಲ್ಲಿ. ಒದ್ದೆಯಾದರೆ ತೆರೆದ ನಲ್ಲಿ. ಒದ್ದೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ ಮೈಯೊಳಗೆ ಹರಿಯುವುದು 230 ಮಿಲಿ ಆಂಪ್. 1 ಮಿಲಿ ಆಂಪ್‌ಗೆ ಜುಮ್ ಎನ್ನುತ್ತದೆ. 10-15ಕ್ಕೆ ಬೆರಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 50, 100 ಆದರೆ ಹೃದಯದ ಬಡಿತವೇ ತಾಳ ತಪ್ಪಬಹುದು.

‘ನಮ್ಮನೇಲಿ ಎಂಸಿಬಿ ಇದೆ’ ಅಂತೀರಾ? ಗೀಸರ್‌ನ 16 ಆಂಪ್ ಎಂಸಿಬಿಗೆ ನಿಮ್ಮ ಮೈಯಲ್ಲಿ ಹರಿಯುವ ಕಾಲು ಆಂಪ್ ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. ನಿಮ್ಮನ್ನು ಕಾಯುವುದು 30 ಮಿಲಿ ಆಂಪ್‌ನ ಆರ್‌ಸಿಸಿಬಿ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಸೋರಿದರೆ ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಇದೂ ಕಾಪಾಡದು.) ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ‘ಪದೇಪದೇ ಟ್ರಿಪ್ ಆಗುತ್ತೆ, ತೆಗೆದುಬಿಡೋಣ ಮೇಡಂ’ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಖಂಡಿತ ಒಪ್ಪಬೇಡಿ. ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಇನ್ನು ಬಕೆಟ್‌ಗೆ ಹೀಟರ್ ರಾಡ್ ಇಟ್ಟು ‘ನೀರು ಕಾದಿದೆಯಾ’ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಇಂದೇ ಬಿಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಇನ್ವರ್ಟರ್‌ನ 12 ವೋಲ್ಟ್ ಬ್ಯಾಟರಿ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ಚಿನ್ನದ ಬಳೆ ಎರಡೂ ಟರ್ಮಿನಲ್‌ಗೆ ತಾಗಿದರೆ ನೂರಾರು ಆಂಪ್ ಹರಿದು, ಬಳೆ ಕಾದು ಕೈ ಸುಟ್ಟೀತು. ಬಳೆ, ಉಂಗುರ ತೆಗೆದಿಟ್ಟೇ ಕೈ ಹಾಕಿ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರ್ ದೂರ ತಳ್ಳಿ, 108ಕ್ಕೆ ಫೋನ್ ಮಾಡಿ. ಅವರು ಎದ್ದು ಕೂತು ‘ಏನೂ ಆಗಿಲ್ಲ’ ಎಂದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.